ಪ್ರಶಸ್ತಿ: ಒಂದು ಶಬ್ದದ ಅರ್ಥವಿಚಾರ

ಇಂದಿನ ಕನ್ನಡದಲ್ಲಿ ‘ಪ್ರಶಸ್ತಿ’ ಎಂದೊಡನೆ ನೆನಪಿಗೆ ಬರುವುದು ಸನ್ಮಾನಸಭೆ, ಫಲಕ, ಬಹುಮಾನದ ಹಣ. ಕುವೆಂಪು ಅವರಿಗೆ 1967ರ ಜ್ಞಾನಪೀಠ ಪ್ರಶಸ್ತಿ ಸಂದಿತೆನ್ನುವಾಗ ಈ ಅರ್ಥವೇ ವಿವಕ್ಷಿತ. ಶಾಸನಗಳನ್ನು ಓದುವವರಾದರೋ ಇದೇ ಶಬ್ದವನ್ನು ಬೇರೊಂದು ಅರ್ಥದಲ್ಲಿ ಬಳಸುತ್ತಾರೆ. ಇವೆರಡರ ಸಂಬಂಧವನ್ನೂ, ಅದರಿಂದ ಇತಿಹಾಸದ ವಿದ್ಯಾರ್ಥಿಗೆ ಒದಗುವ ಎಚ್ಚರಿಕೆಯನ್ನೂ ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

‘ಶಂಸ್’ ಧಾತುವಿಗೆ ಹೊಗಳು, ಸಾರಿ ಹೇಳು ಎಂಬ ಅರ್ಥಗಳಿವೆ. ‘ಪ್ರ’ ಉಪಸರ್ಗ ಸೇರಿ ಪ್ರಶಂಸೆ, ಪ್ರಶಸ್ತ, ಪ್ರಶಸ್ತಿ ಎಂಬ ರೂಪಗಳು ಸಿದ್ಧಿಸಿವೆ. ನಾಟ್ಯಶಾಸ್ತ್ರದಲ್ಲಿ ನಿರ್ವಹಣಸಂಧಿಯ ಕೊನೆಯ ಅಂಗಕ್ಕೆ ಪ್ರಶಸ್ತಿಯೆಂದೇ ಹೆಸರು. ಅಲ್ಲಿ ಅದು ಅರಸನಿಗೂ ನಾಡಿಗೂ ಶುಭವನ್ನು ಕೋರುವ ಮಾತು. ಶಾಸನಗಳಲ್ಲಿ ಅದು ಅರಸನ ವಂಶವನ್ನೂ ವಿಜಯಗಳನ್ನೂ ಕೀರ್ತಿಸುವ ರಚನೆ. ಸಮುದ್ರಗುಪ್ತನನ್ನು ಕುರಿತು ಹರಿಷೇಣನು ರಚಿಸಿದ ಅಲಹಾಬಾದಿನ ಸ್ತಂಭಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ.

ಕರ್ಣಾಟಕದಲ್ಲಿ ಇದಕ್ಕೆ ಸಾಟಿಯಾದುದು ಐಹೊಳೆಯ ಮೇಗುತಿ ಜಿನಾಲಯದ ಸಂಸ್ಕೃತ ಶಾಸನ (ಶಕ 556, ಕ್ರಿ.ಶ. 634–35). ಜಿನಾಲಯವನ್ನು ಕಟ್ಟಿಸಿದವನೂ ಈ ಪ್ರಶಸ್ತಿಯನ್ನು ರಚಿಸಿದವನೂ ತಾನೇ ಎಂದು ರವಿಕೀರ್ತಿ ಹೇಳಿಕೊಳ್ಳುತ್ತಾನೆ. ಆದುದರಿಂದ ಈ ಹೆಸರು ಇಂದಿನ ವಿದ್ವಾಂಸರು ಇಟ್ಟುದಲ್ಲ, ಕವಿಯೇ ಬಳಸಿದುದು. ಕಾಳಿದಾಸ ಭಾರವಿಯರ ಕೀರ್ತಿಗೆ ಸಮನಾದ ಕೀರ್ತಿಯನ್ನು ಅವನು ತನಗೂ ಸಲ್ಲಿಸಿಕೊಂಡಿದ್ದಾನೆ. ಹೊಗಳಿಕೆ ಅರಸನೊಬ್ಬನಿಗೇ ಮೀಸಲಾಗಿರಲಿಲ್ಲ.

ಇಂತಹ ಹೊಗಳಿಕೆಯನ್ನು ಇತಿಹಾಸಕಾರನು ನಂಬಬಹುದೆ? ಇಮ್ಮಡಿ ಪುಲಕೇಶಿಯ ಎದುರು ಹರ್ಷನ ಹರ್ಷ ಅಳಿಯಿತೆಂದು ರವಿಕೀರ್ತಿ ಶ್ಲೇಷೆಯಿಂದ ವರ್ಣಿಸುತ್ತಾನೆ. ಇದು ಬರಿಯ ಕವಿಸಮಯವಲ್ಲ. ಹರ್ಷನು ಈ ರಾಜ್ಯವನ್ನು ವಶಪಡಿಸಿಕೊಳ್ಳಲಾರದೆ ಹೋದನೆಂದು, ಅವನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಬರೆದಿದ್ದಾನೆ. ಪಲ್ಲವನು ಕಾಂಚಿಯ ಕೋಟೆಯ ಮರೆ ಹೊಕ್ಕನೆಂಬುದು ಅದೇ ಪ್ರಶಸ್ತಿಯ ಇನ್ನೊಂದು ಮಾತು. ಆದರೆ ಎಂಟು ವರ್ಷಗಳೊಳಗಾಗಿ, ಸುಮಾರು 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನೇ ಹಿಡಿದನು. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆ ಇಂದಿಗೂ ಇದೆ. ರವಿಕೀರ್ತಿ ಸುಳ್ಳಾಡಲಿಲ್ಲ, ತನ್ನ ಕಾಲದ ಗೆಲವನ್ನು ಶಾಶ್ವತವೆಂಬಂತೆ ಹಾಡಿದನು.

ಹೊಗಳುವ ಮಾತಿಗೆ ಸಲ್ಲುತ್ತಿದ್ದ ಹೆಸರು ಇಂದು ಹೊಗಳಿಕೆಯ ಗುರುತಾಗಿ ಕೊಡುವ ವಸ್ತುವಿಗೆ ಸಂದಿದೆ. ಅರ್ಥ ಬದಲಾದರೂ ಮೂಲಭಾವ ಉಳಿದಿದೆ. ಪ್ರಶಸ್ತಿಯನ್ನು ಅಕ್ಷರಶಃ ನಂಬುವುದೂ ಅತಿಶಯೋಕ್ತಿಯೆಂದು ತಳ್ಳಿಬಿಡುವುದೂ ಸಮನಾದ ದೋಷಗಳು. ಹೊಗಳಿದವನು ಯಾರು, ಯಾವಾಗ ಹೊಗಳಿದನು, ಅನ್ಯಸಾಕ್ಷ್ಯವುಂಟೆ ಎಂದು ಕೇಳಿದ ಮೇಲೆಯೇ ಅದು ಇತಿಹಾಸಕ್ಕೆ ಆಧಾರವಾಗುತ್ತದೆಂದು ನಾವು ಭಾವಿಸುತ್ತೇವೆ.