ಇತಿಹಾಸ ಸಂಘದ ಕೋಣೆಯೊಳಗೆ ಯಾರಿದ್ದಾರೆ?



ಡಿಗ್ರಿ ಕಾಲೇಜುಗಳಲ್ಲಿ ಸಂಘಗಳ ಉದ್ಘಾಟನೆ ಶುರುವಾಗಿದೆ. ಕನ್ನಡ ಸಂಘ, ವಾಣಿಜ್ಯ ಸಂಘ, ವಿಜ್ಞಾನ ಸಂಘ, ಎಲ್ಲಾ ಮುಗಿದ ಮೇಲೆ ಕೊನೆಗೆ ಒಂದು ಇತಿಹಾಸ ಸಂಘ. ಇತಿಹಾಸ ತಗೊಂಡಿರೋ ನಮ್ಮ ಹುಡುಗ ಹುಡುಗಿಯರು ನನ್ನನ್ನ ಕೇಳ್ತಾ ಇರ್ತಾರೆ, ಅಣ್ಣ ಅದಕ್ಕೆ ಸೇರಿ ಏನು ಪ್ರಯೋಜನ ಅಂತ. ದೀಪ ಹಚ್ಚೋದು, ಹಾರ ಹಾಕೋದು, ವರ್ಷಕ್ಕೊಂದು ಸಲ ಹಂಪಿಗೆ ಬಸ್ಸು ಮಾಡೋದು, ಅಷ್ಟೇ ತಾನೆ ಅಂತ. ಅವರ ಮಾತು ಸುಳ್ಳಲ್ಲ. ಆದರೂ ಸೇರಬೇಕು ಅಂತಲೇ ನಾನು ಹೇಳೋದು. ಯಾಕೆ ಅಂತ ಹೇಳೋಕೆ ನೂರು ವರ್ಷದ ಹಿಂದಿನ ಅಮೆರಿಕಕ್ಕೆ ಹೋಗಿ ಬರಬೇಕು. ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಅಮೆರಿಕದಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗಳದ್ದೇ ಒಂದು ದೊಡ್ಡ ಸಂಘ ಇದೆ. ಹೆಸರು ಫೈ ಆಲ್ಫಾ ಥೀಟಾ. ಇವತ್ತು 900ಕ್ಕೂ ಹೆಚ್ಚು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅದರ ಶಾಖೆ ಇದೆ. ಇತಿಹಾಸದಲ್ಲಿ ಒಳ್ಳೆ ಅಂಕ ತೆಗೆದವರು ಸದಸ್ಯರಾಗ್ತಾರೆ. ಸಮಾವೇಶಗಳಲ್ಲಿ ವಿದ್ಯಾರ್ಥಿಗಳೇ ಪ್ರಬಂಧ ಓದ್ತಾರೆ. 1938ರಿಂದ ಅದರದ್ದೇ ಒಂದು ಪತ್ರಿಕೆ ಕೂಡ ಇದೆ. ಈ ಸಂಘ ಹುಟ್ಟಿದ್ದು 1921ರ ಮಾರ್ಚ್ 17ರಂದು, ಅರ್ಕಾನ್ಸಾ ರಾಜ್ಯದ ಫೇಯೆಟ್‌ವಿಲ್‌ನಲ್ಲಿರುವ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ. ನೆಲ್ಸ್ ಕ್ಲೆವೆನ್ ಅನ್ನೋ ಪ್ರೊಫೆಸರು ವಿದ್ಯಾರ್ಥಿಗಳನ್ನ, ಅಧ್ಯಾಪಕರನ್ನ ಸೇರಿಸಿ ಕಟ್ಟಿದರು. ಒಳ್ಳೆಯ ಕೆಲಸವೇ. ಮೇಷ್ಟ್ರು ವಿದ್ಯಾರ್ಥಿ ಒಂದೇ ಮೇಜಿಗೆ ಕೂತು ಇತಿಹಾಸ ಮಾತಾಡೋದನ್ನ ಯಾರು ಬೇಡ ಅಂತಾರೆ?

ಈಗ ಅದೇ ದಿನ, ಅದೇ ರಾಜ್ಯದ ಜೈಲಿಗೆ ಬನ್ನಿ.

ಅವತ್ತು ಅರ್ಕಾನ್ಸಾ ಜೈಲಿನಲ್ಲಿ ಹನ್ನೆರಡು ಜನ ಕಪ್ಪು ಕೂಲಿಗಳು ಕೊಳೀತಾ ಇದ್ದರು. ಹನ್ನೆರಡು ಮಂದಿಗೂ ಮರಣದಂಡನೆ ಆಗಿತ್ತು. ಅದರಲ್ಲಿ ಆರು ಜನರ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ರದ್ದಾಗಿ ಮರುವಿಚಾರಣೆ ಬಾಕಿ ಇತ್ತು. ಉಳಿದ ಆರು ಜನರ ತಲೆ ಮೇಲೆ ಕತ್ತಿ ಹಾಗೇ ತೂಗ್ತಾ ಇತ್ತು. ಅವರು ಮಾಡಿದ ತಪ್ಪೇನು? ಲೆಕ್ಕ ಕೇಳಿದ್ದು.

ಫಿಲಿಪ್ಸ್ ಕೌಂಟಿ ಅಂತ ಮಿಸಿಸಿಪ್ಪಿ ನದಿ ಪಕ್ಕದ ಹತ್ತಿ ಸೀಮೆ. ಜಮೀನು ಬಿಳಿಯರದ್ದು, ದುಡಿಮೆ ಕಪ್ಪು ಗೇಣಿದಾರರದ್ದು. ಬೀಜ, ಬಟ್ಟೆ, ದಿನಸಿ ಎಲ್ಲಾ ಧಣಿಯ ಅಂಗಡಿಯಿಂದ ಸಾಲ. ಸುಗ್ಗಿಯಲ್ಲಿ ಹತ್ತಿ ಮಾರೋದು ಧಣಿ, ಸಾಲ ಮುರ್ಕೊಳ್ಳೋದು ಧಣಿ, ಲೆಕ್ಕದ ಪುಸ್ತಕ ಇರೋದೂ ಧಣಿ ಮನೆಯಲ್ಲಿ. ಎಷ್ಟು ದುಡಿದರೂ ವರ್ಷದ ಕೊನೆಗೆ ಬಾಕಿಯೇ. ನಮ್ಮ ಜೀತದ ಮನೆಗಳ ಕತೆ ಕೇಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1919ರಲ್ಲಿ ಈ ಗೇಣಿದಾರರು ಒಂದು ಒಕ್ಕೂಟ ಮಾಡ್ಕೊಂಡರು. ವಕೀಲರನ್ನ ಇಟ್ಟು ಲೆಕ್ಕ ಬರಹದಲ್ಲಿ ಕೊಡಿ ಅಂತ ಕೇಳೋಣ ಅಂದುಕೊಂಡರು. ಸೆಪ್ಟೆಂಬರ್ 30ರ ರಾತ್ರಿ ಇಲೇನ್ ಅನ್ನೋ ಊರ ಹತ್ತಿರ, ಹೂಪ್ ಸ್ಪರ್ ಚರ್ಚಿನಲ್ಲಿ ಸಭೆ ಸೇರಿದ್ದರು. ಅಲ್ಲಿ ಗುಂಡು ಹಾರಿತು, ಒಬ್ಬ ಬಿಳಿಯ ಸತ್ತ.

ಬೆಳಗಾಗೋ ಹೊತ್ತಿಗೆ ಸುತ್ತಮುತ್ತಲಿಂದ, ನದಿ ಆಚೆಯ ಮಿಸಿಸಿಪ್ಪಿ ರಾಜ್ಯದಿಂದಲೂ ಬಂದೂಕು ಹಿಡಿದ ಬಿಳಿಯರು ಬಂದು ಇಳಿದರು. ಮೇಲಿಂದ ಸೈನ್ಯ ಬಂತು, ಸುಮಾರು 500 ಸೈನಿಕರು. ಕಪ್ಪು ಜನರನ್ನ ಹೊಲಗಳಲ್ಲಿ, ಪೊದೆಗಳಲ್ಲಿ ಬೇಟೆಯಾಡಿದರು. ಸತ್ತ ಬಿಳಿಯರು ಐದು ಜನ. ಸತ್ತ ಕಪ್ಪು ಜನರ ಲೆಕ್ಕವನ್ನ ಯಾರೂ ಸರಿಯಾಗಿ ಇಡಲೇ ಇಲ್ಲ. ನೂರರ ಮೇಲೆ, ಇನ್ನೂರರ ಮೇಲೆ ಅಂತ ಇತಿಹಾಸಕಾರರು ಇವತ್ತಿಗೂ ಅಂದಾಜು ಮಾಡ್ತಾ ಇದ್ದಾರೆ. ಆಮೇಲೆ ಕೇಸು ಹಾಕಿದ್ದು ಯಾರ ಮೇಲೆ? ಕಪ್ಪು ಜನರ ಮೇಲೆ. ಬಿಳಿಯರದ್ದೇ ಜ್ಯೂರಿ. ಕೆಲವು ಕೇಸುಗಳಲ್ಲಿ ಹತ್ತು ನಿಮಿಷದೊಳಗೆ ತೀರ್ಪು ಬಂತು. ಕಪ್ಪು ಜನರನ್ನ ಕೊಂದದ್ದಕ್ಕೆ ಒಬ್ಬ ಬಿಳಿಯನಿಗೂ ಶಿಕ್ಷೆ ಆಗಲಿಲ್ಲ.

ಸೈನ್ಯದ ಜೊತೆ ಖುದ್ದಾಗಿ ಇಲೇನ್‌ಗೆ ಹೋದದ್ದು ರಾಜ್ಯದ ಗವರ್ನರ್ ಚಾರ್ಲ್ಸ್ ಬ್ರಫ್. ಈತ ಯಾರು ಗೊತ್ತಾ? ರಾಜಕೀಯಕ್ಕೆ ಬರೋ ಮುಂಚೆ ಇದೇ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರದ ಪ್ರೊಫೆಸರು. ಡಾಕ್ಟರೇಟ್ ಪಡೆದವನು. ಜನಾಂಗ ಸಮಸ್ಯೆ ಬಗ್ಗೆ ದಕ್ಷಿಣದ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಆಯೋಗಕ್ಕೆ ಅಧ್ಯಕ್ಷನೂ ಆಗಿದ್ದವನು. ಇಷ್ಟು ಓದಿದ ಮನುಷ್ಯ ಸ್ಥಳೀಯ ಜಮೀನ್ದಾರರು, ವ್ಯಾಪಾರಿಗಳು, ಅಧಿಕಾರಿಗಳು ಸೇರಿದ ಏಳು ಜನರ ಸಮಿತಿ ಹೇಳಿದ್ದನ್ನೇ ನಿಜ ಅಂತ ಒಪ್ಪಿದ. ಕಪ್ಪು ಜನ ಬಿಳಿಯರನ್ನೆಲ್ಲಾ ಕೊಲ್ಲೋಕೆ ಸಂಚು ಮಾಡಿದ್ದರು ಅಂತ ಆ ಸಮಿತಿ ಹೇಳಿತ್ತು. ಹಲವು ವರ್ಷ ಅದೇ 'ಇತಿಹಾಸ' ಆಗಿ ಉಳೀತು.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಹೊರ್ತಾ ಇದ್ದೀನಿ. ಕಡತದ ಗುಟ್ಟು ಒಂದೇ. ಟಿಪ್ಪಣಿ ಯಾರು ಬರೀತಾರೋ ಅವರ ಮಾತು ಉಳಿಯುತ್ತೆ. ಅರ್ಜಿ ಹಿಡ್ಕೊಂಡು ಬಾಗಿಲಲ್ಲಿ ನಿಂತವನು ಅತ್ತದ್ದು ಕಡತದಲ್ಲಿ ಇರಲ್ಲ. ಇಲೇನ್‌ನಲ್ಲಿ ಹತ್ತಿಯ ಲೆಕ್ಕ ಬರೆದವನೂ ಧಣಿ, ಹೆಣದ ಲೆಕ್ಕ ಬರೆದವನೂ ಧಣಿ.

ಫೇಯೆಟ್‌ವಿಲ್‌ನ ಆ ವಿದ್ಯಾರ್ಥಿಗಳು ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ಕೋಣೆಯಲ್ಲಿ ಒಬ್ಬನೇ ಒಬ್ಬ ಕಪ್ಪು ವಿದ್ಯಾರ್ಥಿ ಇರೋಕೆ ಸಾಧ್ಯ ಇರಲಿಲ್ಲ. ಆ ವಿಶ್ವವಿದ್ಯಾಲಯ ಬಿಳಿಯರಿಗೆ ಮಾತ್ರ. ಕಪ್ಪು ಮಕ್ಕಳಿಗೆ ದೂರದ ಪೈನ್ ಬ್ಲಫ್‌ನಲ್ಲಿ ಬೇರೆ ಕಾಲೇಜು. 1948ರಲ್ಲಿ ಸೈಲಸ್ ಹಂಟ್ ಅನ್ನೋ ಕಪ್ಪು ಯುವಕ ಕಾನೂನು ವಿಭಾಗಕ್ಕೆ ಸೇರಿದ ಮೇಲೆಯೇ ಆ ಬಾಗಿಲು ತೆರೆದದ್ದು. ಎರಡನೇ ಮಹಾಯುದ್ಧದಲ್ಲಿ ದೇಶಕ್ಕಾಗಿ ಗಾಯಗೊಂಡು ಬಂದಿದ್ದವನು ಆತ. ಅವನಿಗೆ ಪಾಠ ಎಲ್ಲಿ ಮಾಡಿದರು? ಕಟ್ಟಡದ ನೆಲಮಾಳಿಗೆಯಲ್ಲಿ, ಪ್ರತ್ಯೇಕವಾಗಿ. ಮುಂದಿನ ವರ್ಷವೇ ಕ್ಷಯದಿಂದ ತೀರಿಕೊಂಡ.

ಸಂಘ ಇತ್ತು, ಮೇಷ್ಟ್ರಿದ್ದರು, ಪುಸ್ತಕ ಇದ್ದವು. ನಮ್ಮಪ್ಪನ್ನ ಯಾಕೆ ಕೊಂದರು ಅಂತ ಕೇಳಬಲ್ಲವರು ಕೋಣೆಯೊಳಗೆ ಇರಲಿಲ್ಲ.

ಹಾಗಾದರೆ ಇಲೇನ್ ಸತ್ಯ ಹೊರಗೆ ತಂದದ್ದು ಯಾರು? ಐಡಾ ಬಿ. ವೆಲ್ಸ್ ಅನ್ನೋ ಕಪ್ಪು ಪತ್ರಕರ್ತೆ. ಹುಟ್ಟಿದಾಗ ಗುಲಾಮರ ಮಗು. ಗುಂಪು ಹತ್ಯೆಗಳ ಬಗ್ಗೆ ಬರೆದದ್ದಕ್ಕೆ 1892ರಲ್ಲಿ ಆಕೆಯ ಪತ್ರಿಕಾ ಕಚೇರಿಯನ್ನ ಧ್ವಂಸ ಮಾಡಿದ್ದರು, ದಕ್ಷಿಣಕ್ಕೆ ಕಾಲಿಟ್ಟರೆ ಜೀವ ಉಳಿಯಲ್ಲ ಅನ್ನೋ ಸ್ಥಿತಿ ಇತ್ತು. ಆದರೂ ಕೈದಿಗಳ ನೆಂಟರ ಹೆಂಗಸರ ಜೊತೆ ಸೇರಿಕೊಂಡು ಜೈಲೊಳಗೆ ಹೋಗಿ ಹನ್ನೆರಡು ಜನರ ಮಾತು ಕೇಳಿದಳು. 1920ರಲ್ಲಿ ಪುಸ್ತಿಕೆ ಮಾಡಿದಳು. ಗುಲಾಮ ತಾಯಿಯ ಮಗ, ವಕೀಲ ಸಿಪಿಯೋ ಜೋನ್ಸ್ ಕೋರ್ಟಿನಿಂದ ಕೋರ್ಟಿಗೆ ಅಲೆದ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗುಂಪಿನ ಬೆದರಿಕೆಯಡಿ ನಡೆದ ವಿಚಾರಣೆ ವಿಚಾರಣೆಯೇ ಅಲ್ಲ ಅನ್ನೋ ಅರ್ಥದ ತೀರ್ಪು ಕೊಟ್ಟಿತು. 1925ರ ಜನವರಿ ಹೊತ್ತಿಗೆ ಹನ್ನೆರಡೂ ಜನ ಹೊರಗೆ ಬಂದರು.

ಒಳಗೆ ಬಿಡದಿದ್ದವರು ತಮ್ಮದೇ ಇತಿಹಾಸ ಸಂಘವನ್ನೂ ಕಟ್ಟಿದರು. ಕಾರ್ಟರ್ ಜಿ. ವುಡ್ಸನ್ ಅಂತ. ತಂದೆ ತಾಯಿ ಇಬ್ಬರೂ ಗುಲಾಮರಾಗಿದ್ದವರು. ಈತ ಕಲ್ಲಿದ್ದಲು ಗಣಿಯಲ್ಲಿ ದುಡಿದು ಇಪ್ಪತ್ತನೇ ವಯಸ್ಸಿಗೆ ಹೈಸ್ಕೂಲು ಸೇರಿದವನು. ಗಣಿಯಲ್ಲಿ ಆಲಿವರ್ ಜೋನ್ಸ್ ಅನ್ನೋ ಕಾರ್ಮಿಕನ ಮನೆಯಲ್ಲಿ ಸಂಜೆ ಜನ ಸೇರ್ತಿದ್ದರು. ಆಲಿವರ್‌ಗೆ ಓದಲು ಬರ್ತಿರಲಿಲ್ಲ, ವುಡ್ಸನ್ ಪೇಪರು ಓದಿ ಹೇಳ್ತಿದ್ದ. ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಮುದುಕರು ತಮ್ಮ ಅನುಭವ ಹೇಳ್ತಿದ್ದರು. ನನ್ನ ಕೇಳಿದರೆ ಅದೇ ಅವನ ಮೊದಲ ಇತಿಹಾಸ ಸಂಘ. 1912ರಲ್ಲಿ ಹಾರ್ವರ್ಡಿನಿಂದ ಇತಿಹಾಸದಲ್ಲಿ ಪಿಎಚ್.ಡಿ. ಪಡೆದ. ಅಲ್ಲಿ ಡಾಕ್ಟರೇಟ್ ಪಡೆದ ಎರಡನೇ ಕಪ್ಪು ಮನುಷ್ಯ ಆತ, ಮೊದಲನೆಯವರು ಡು ಬಾಯ್ಸ್. 1915ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ನೀಗ್ರೋ ಬದುಕು ಮತ್ತು ಇತಿಹಾಸದ ಅಧ್ಯಯನ ಸಂಘ ಶುರು ಮಾಡಿದ. ಮರುವರ್ಷವೇ ಪತ್ರಿಕೆ.

ಅದೇ 1915ರಲ್ಲಿ ನಮ್ಮ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿದ್ದರು. 1916ರ ಮೇ 9ರಂದು ಅಲ್ಲಿಯ ವಿದ್ಯಾರ್ಥಿ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಇಪ್ಪತ್ತೈದು ವರ್ಷದ ವಿದ್ಯಾರ್ಥಿ! ಜಾತಿಯ ಮೂಲದ ಬಗ್ಗೆ ದೊಡ್ಡ ದೊಡ್ಡ ಪಂಡಿತರು ಹೇಳಿದ್ದನ್ನ ಅವರ ಮುಂದಿಟ್ಟು ಒಂದೊಂದೇ ಬಿಡಿಸಿದರು. ಇವತ್ತಿಗೂ ಆ ಪ್ರಬಂಧ ಬಿಟ್ಟು ಜಾತಿಯ ಚರ್ಚೆ ಮುಂದೆ ಹೋಗಲ್ಲ. ವಿದ್ಯಾರ್ಥಿಗಳ ಸಭೆಯಲ್ಲಿ ಓದೋ ಪ್ರಬಂಧಕ್ಕೆ ಬೆಲೆ ಇಲ್ಲ ಅನ್ನೋರು ಇದನ್ನ ನೆನಪಿಟ್ಕೊಳ್ಳಿ.

ವುಡ್ಸನ್‌ಗೆ ಗೊತ್ತಿತ್ತು, ಪಂಡಿತರ ಪತ್ರಿಕೆ ಒಂದರಿಂದಲೇ ಆಗಲ್ಲ ಅಂತ. ತನ್ನ ವಿದ್ಯಾರ್ಥಿ ಸಂಘ ಒಮೇಗಾ ಸೈ ಫೈಗೆ ಹೇಳಿದ. 1911ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಪ್ಪು ವಿದ್ಯಾರ್ಥಿಗಳ ಸಂಘ ಅದು. ಅವರು 1924ರಲ್ಲಿ ಒಂದು ಇತಿಹಾಸ ವಾರ ನಡೆಸಿದರು. 1926ರ ಫೆಬ್ರವರಿಯಿಂದ ವುಡ್ಸನ್ ಅದನ್ನ ದೇಶಕ್ಕೆಲ್ಲಾ ಹರಡಿದ. 1969ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳು, ಅಧ್ಯಾಪಕರು ಒಂದು ವಾರ ಸಾಲದು, ತಿಂಗಳೇ ಬೇಕು ಅಂದರು. 1970ರಲ್ಲಿ ಆಚರಿಸಿಯೂ ಬಿಟ್ಟರು. 1976ರಲ್ಲಿ ಅಧ್ಯಕ್ಷ ಫೋರ್ಡ್ ಒಪ್ಪಲೇಬೇಕಾಯ್ತು. ಹಾಸ್ಟೆಲ್ ವಯಸ್ಸಿನ ಮಕ್ಕಳು ಶುರು ಮಾಡಿದ್ದನ್ನ ಐವತ್ತು ವರ್ಷ ಆದಮೇಲೆ ಶ್ವೇತಭವನ ಓದಿ ಹೇಳಿತು.

ಈಗ ನಮ್ಮೂರಿಗೆ ಬರೋಣ.

ನಾನು ಬಿ.ಎ. ಓದಿದ ಕಾಲೇಜಿನಲ್ಲೂ ಇತಿಹಾಸ ಸಂಘ ಇತ್ತು. ಕುರ್ಚಿ ಜೋಡಿಸೋಕೆ ಹಾಸ್ಟೆಲ್ ಹುಡುಗರು, ವೇದಿಕೆ ಮೇಲೆ ಬೇರೆಯವರು. ಮೂರು ವರ್ಷದಲ್ಲಿ ರಾಜವಂಶಗಳ ಬಗ್ಗೆ ಉಪನ್ಯಾಸ ಆದವು, ದೇವಸ್ಥಾನಗಳ ಬಗ್ಗೆ ಆದವು. ಕೆರೆ ಕಟ್ಟಿಸಿದ ರಾಜನ ಹೆಸರು ಬರೆಸಿದರು, ಆ ಕೆರೆಯ ನೀರು ಯಾರಿಗೆ ಮುಟ್ಟೋಕೆ ಬಿಡ್ತಿರಲಿಲ್ಲ ಅನ್ನೋದನ್ನ ಬರೆಸಲಿಲ್ಲ. ಮಹಾಡ್ ಕೆರೆಯ ಹೆಸರನ್ನ ನಾನು ಕೇಳಿದ್ದು ಕ್ಲಾಸಿನಲ್ಲಲ್ಲ, ಸಂಘಟನೆಯ ಶಿಬಿರದಲ್ಲಿ.

ನಮ್ಮದೇ ರಾಜ್ಯದ ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನ ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ಆರೋಪಿಗಳ ಖುಲಾಸೆ ಆಯ್ತು, 2014ರಲ್ಲಿ ಹೈಕೋರ್ಟಿನಲ್ಲೂ ಅದೇ ಉಳೀತು. ಹಾಗಾದರೆ ಬೆಂಕಿ ತಾನಾಗೇ ಹತ್ಕೊಂಡಿತಾ? ಇವತ್ತು ಬಿ.ಎ. ಮೊದಲ ವರ್ಷದಲ್ಲಿ ಇರೋ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಅವರಿಗೆ ಇದನ್ನ ಯಾರು ಹೇಳಬೇಕು? ಸಿಲಬಸ್ಸು ಹೇಳಲ್ಲ. ಸಂಘ ಹೇಳಬಹುದು. ಯಾಕಂದ್ರೆ ಸಂಘಕ್ಕೆ ಸಿಲಬಸ್ಸಿನ ಹಗ್ಗ ಇಲ್ಲ. ಯಾರನ್ನ ಕರೀಬೇಕು, ಯಾವ ಪ್ರಬಂಧ ಓದಬೇಕು, ಟೂರಿನ ಬಸ್ಸು ಎಲ್ಲಿಗೆ ಹೋಗಬೇಕು ಅನ್ನೋದನ್ನ ಅಲ್ಲಿ ಕೂತವರು ತೀರ್ಮಾನ ಮಾಡ್ತಾರೆ. ಅದಕ್ಕೇ ಹೇಳೋದು, ಅಲ್ಲಿ ಕೂತ್ಕೊಳ್ಳಿ.

ಪದಾಧಿಕಾರಿ ಆಗಿ. ಕಾರ್ಯದರ್ಶಿ ಹುದ್ದೆ ಕೇಳಿ, ಯಾಕಂದ್ರೆ ನಡಾವಳಿ ಬರೆಯೋದು ಕಾರ್ಯದರ್ಶಿ. ನಿಮ್ಮಜ್ಜಿಯ ಹತ್ತಿರ ಕೂತು ಕೇಳಿ. ಯಾರ ಮನೆಯಲ್ಲಿ ಜೀತ ಇದ್ದರು, ಎಷ್ಟು ಸಾಲಕ್ಕೆ, ಯಾವ ವರ್ಷ ಬಿಡಿಸ್ಕೊಂಡರು, ಊರ ಬಾವಿಗೆ ಮೊದಲು ಕೊಡ ಇಳಿಸಿದ್ದು ಯಾರು, ಎಲ್ಲಾ ಬರ್ಕೊಳ್ಳಿ. ತಾರೀಖು ಹಾಕಿ. ತಹಸೀಲ್ದಾರ್ ಕಚೇರಿಯ ಹಳೇ ದಾಖಲೆ ಜೊತೆ ತಾಳೆ ನೋಡಿ. ಬೇಕಾದ್ರೆ ಅರ್ಜಿ ಬರ್ಕೊಡೋಕೆ ನಾನಿದ್ದೀನಿ, ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ. ಆಮೇಲೆ ಅದನ್ನ ಸಂಘದ ಸಭೆಯಲ್ಲಿ ಎದ್ದು ನಿಂತು ಓದಿ. ಮುಂದಿನ ಸಾಲಿನಲ್ಲಿ ಕೂತವರಿಗೆ ಮುಜುಗರ ಆಗಬಹುದು. ಆಗಲಿ.

ಬಿಡದೇ ಇದ್ದರೆ? ಆಲಿವರ್ ಜೋನ್ಸ್ ಮನೆ ಇದೆಯಲ್ಲ. ಹಾಸ್ಟೆಲಿನ ಊಟದ ಹಾಲು ಇದೆ, ಕೇರಿಯ ಅಂಬೇಡ್ಕರ್ ಭವನ ಇದೆ. ಹತ್ತು ಜನ ಸಾಕು.

ಈ ವರ್ಷ ಯಾವ ಯಾವ ಕಾಲೇಜಿನ ಇತಿಹಾಸ ಸಂಘದಲ್ಲಿ ನಮ್ಮ ಮಕ್ಕಳಿದ್ದಾರೆ, ಕಮೆಂಟಿನಲ್ಲಿ ಕಾಲೇಜಿನ ಹೆಸರು ಹಾಕಿ. ಶೇರ್ ಮಾಡೋರು ಹಾಸ್ಟೆಲ್ ಗ್ರೂಪುಗಳಿಗೆ ಮೊದಲು ಮಾಡಿ.

ಜೈ ಭೀಮ್.