ಹರಿಶ್ಚಂದ್ರನ ಕಥೆಯೂ ಪುರುಷರ ಕಣ್ಣೀರೂ: ಕಾವ್ಯದಿಂದ ಚಲಚ್ಚಿತ್ರದವರೆಗೆ

ಚರಿತ್ರಕಾರನಿಗೆ ದೊರೆಯುವ ಸಾಧನಗಳಲ್ಲಿ ಶಾಸನವಿದೆ, ತಾಮ್ರಪಟವಿದೆ, ನಾಣ್ಯವಿದೆ, ಸರ್ಕಾರದ ಕಡತವಿದೆ. ಕಣ್ಣೀರಿಗೆ ಮಾತ್ರ ಯಾರೂ ದಫ್ತರವನ್ನಿಟ್ಟಿಲ್ಲ. ಚಿತ್ರಮಂದಿರವು ಎಷ್ಟು ಟಿಕೇಟುಗಳನ್ನು ಮಾರಿತೆಂಬುದನ್ನು ಲೆಕ್ಕದ ಪುಸ್ತಕದಿಂದ ತಿಳಿಯಬಹುದು. ಅಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಕತ್ತಲೆಯಲ್ಲಿ ಅಂಗವಸ್ತ್ರದ ಅಂಚಿನಿಂದ ಕಣ್ಣೊರಸಿಕೊಂಡರೆಂಬುದನ್ನು ತಿಳಿಯುವ ಬಗೆಯಿಲ್ಲ. ಆದರೂ ಕೆಲವು ಚಿತ್ರಗಳು ಬೆಳೆದ ಗಂಡಸರನ್ನು ಅಳಿಸಿದವೆಂಬುದು ನಮ್ಮ ಹಿರಿಯರ ಪೀಳಿಗೆಗೆ ತಿಳಿದ ಮಾತು. ಇಂತಹ ವಿಷಯವು ಇತಿಹಾಸದ ಗಾಂಭೀರ್ಯಕ್ಕೆ ತಕ್ಕುದೇ ಎಂದು ಕೆಲವರು ಶಂಕಿಸಬಹುದು. ಒಂದು ಸಮಾಜದ ಪುರುಷರು ಯಾವುದಕ್ಕೆ ಅಳಲು ಒಪ್ಪುತ್ತಾರೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದು ಆ ಸಮಾಜದ ನೀತಿಯನ್ನು ಅದರ ಧರ್ಮಶಾಸ್ತ್ರಗಳಿಗಿಂತ ಕಡಮೆಯಾಗಿ ತಿಳಿಸುವುದಿಲ್ಲವೆಂಬುದೇ ನಮ್ಮ ಉತ್ತರ. ಪ್ರಕೃತ ಲೇಖನದಲ್ಲಿ ಹರಿಶ್ಚಂದ್ರೋಪಾಖ್ಯಾನವೊಂದನ್ನೇ ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಒಂದು ಪ್ರಚಲಿತ ಅಭಿಪ್ರಾಯವನ್ನು ನೋಡೋಣ. ಗಂಡಸು ಅಳಬಾರದೆಂಬ ಕಟ್ಟಳೆಯು ಆಂಗ್ಲರೊಡನೆ ನಮ್ಮ ನಾಡಿಗೆ ಬಂದಿತೆಂದೂ ಅದಕ್ಕೆ ಮುನ್ನ ನಮ್ಮವರು ಸಂಕೋಚವಿಲ್ಲದೆ ಅಳುತ್ತಿದ್ದರೆಂದೂ ಕೆಲವರು ಹೇಳುವುದುಂಟು. ಇದರಲ್ಲಿ ಸ್ವಲ್ಪ ಸತ್ಯಾಂಶವಿದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಣ್ಣೀರು ಸಹೃದಯತೆಯ ಲಕ್ಷಣವೆನಿಸಿದ್ದಿತು. 1771ರಲ್ಲಿ ಪ್ರಕಟವಾದ ಹೆನ್ರಿ ಮೆಕೆಂಜಿಯ 'ಭಾವುಕ ಮನುಷ್ಯ'ನೆಂಬ ಕಾದಂಬರಿಯ ನಾಯಕನು ಹೆಜ್ಜೆಹೆಜ್ಜೆಗೂ ಅಳುತ್ತಾನೆ. ಅದೇ ದೇಶವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ವೇಳೆಗೆ ತುಟಿಬಿಗಿದು ಸಹಿಸುವುದನ್ನೇ ಪೌರುಷವೆಂದು ತನ್ನ ಶಾಲೆಗಳಲ್ಲಿ ಬೋಧಿಸತೊಡಗಿತು. ಆದರೆ ನಮ್ಮಲ್ಲಿನ ಕಟ್ಟಳೆಗೆ ಈ ಶಾಲೆಗಳು ಮೂಲವಲ್ಲ. ಅಶ್ರುವನ್ನು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದೆಂದು ಎಣಿಸಿದ ಭರತಮುನಿಯೇ ಶೋಕವನ್ನು ವಿವರಿಸುವಾಗ, ಉತ್ತಮ ಮಧ್ಯಮ ಪ್ರಕೃತಿಯವರು ಅದನ್ನು ಧೈರ್ಯದಿಂದ ತಡೆಯುವರೆಂದೂ ನೀಚಪ್ರಕೃತಿಯವರು ರೋದನದಿಂದ ಪ್ರಕಟಿಸುವರೆಂದೂ ಭೇದವನ್ನು ಕಲ್ಪಿಸಿದ್ದಾನೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ನಮ್ಮ ಹಳ್ಳಿಯ ಗಾದೆಯನ್ನು ಯಾವ ಆಂಗ್ಲ ಉಪಾಧ್ಯಾಯನೂ ಕಲಿಸಲಿಲ್ಲ. ಆದುದರಿಂದ ನಿಷೇಧವು ಹಳೆಯದು, ನಮ್ಮದೇ ಆದುದು. ನಿಷೇಧವಿದ್ದೂ ಕಣ್ಣೀರಿಗೆ ಅನುಮತಿ ಎಲ್ಲಿ, ಹೇಗೆ ದೊರೆಯಿತೆಂಬುದೇ ನಿಜವಾದ ಪ್ರಶ್ನೆ.

ಕನ್ನಡ ಕಾವ್ಯವು ಈ ಅನುಮತಿಯನ್ನು ಬಹುಕಾಲದ ಹಿಂದೆಯೇ ನೀಡಿದೆ. ಹತ್ತನೆಯ ಶತಮಾನದ ರನ್ನನು ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿಕೊಂಡು ಹೋಗುತ್ತಾನೆ. ಮಗನಾದ ಲಕ್ಷಣಕುಮಾರ, ತಮ್ಮನಾದ ದುಶ್ಶಾಸನ, ಗೆಳೆಯನಾದ ಕರ್ಣ ಇವರ ಕಳೇಬರಗಳೆದುರು ಆ ಛಲದಂಕಮಲ್ಲನು ಶೋಕಿಸುತ್ತಾನೆ. ಅದರಿಂದ ಅವನ ಛಲವು ಕುಗ್ಗಲಿಲ್ಲ. ಓದುಗರ ಗೌರವವು ಹೆಚ್ಚಿತು. ಅಂದರೆ, ಅಳುವವನ ವೀರ್ಯವು ಮೊದಲೇ ಸಿದ್ಧಪಟ್ಟಿದ್ದರೆ ಅವನ ಅಳುವು ದೌರ್ಬಲ್ಯವೆನಿಸದು. ಈ ಸೂತ್ರವು ಮುಂದೆ ನಮ್ಮ ರಂಗಭೂಮಿಗೂ ಚಲಚ್ಚಿತ್ರಕ್ಕೂ ಬಹಳ ಉಪಯೋಗಕ್ಕೆ ಬಂದಿತೆಂದು ನಮಗೆ ತೋರುತ್ತದೆ.

ಇನ್ನು ಹರಿಶ್ಚಂದ್ರನ ಕಥೆ. ಇದರ ಅತಿ ಪ್ರಾಚೀನ ರೂಪವು ಐತರೇಯ ಬ್ರಾಹ್ಮಣದಲ್ಲಿದೆ. ಅಲ್ಲಿ ಹರಿಶ್ಚಂದ್ರನು ಸತ್ಯವ್ರತನಲ್ಲ; ಹುಟ್ಟಿದ ಮಗನನ್ನೇ ಬಲಿಕೊಡುವೆನೆಂದು ವರುಣನಿಗೆ ಮಾತುಕೊಟ್ಟು, ಬಳಿಕ ದಿನವನ್ನು ಮುಂದೂಡುತ್ತ ಹೋಗುವ ತಂದೆ. ಕೊನೆಗೆ ಅವನ ಮಗನಾದ ರೋಹಿತನಿಗೆ ಬದಲಾಗಿ ಶುನಶ್ಶೇಪನೆಂಬ ಹುಡುಗನನ್ನು ನೂರು ಗೋವುಗಳಿಗೆ ಕೊಳ್ಳಲಾಯಿತು. ಮಾರಿದವನು ಆ ಹುಡುಗನ ತಂದೆಯೇ. ಕಥೆಯು ಬೇರೆಯಾದರೂ ಮನುಷ್ಯರ ಕ್ರಯವಿಕ್ರಯವು ಆರಂಭದಿಂದಲೇ ಈ ರಾಜನ ಹೆಸರಿಗೆ ಅಂಟಿಕೊಂಡಿರುವುದನ್ನು ಗಮನಿಸಬೇಕು. ಮಾರ್ಕಂಡೇಯ ಪುರಾಣದಲ್ಲಿ ಕಥೆಯು ನಮಗೆ ಪರಿಚಿತವಾದ ಆಕಾರವನ್ನು ಪಡೆಯಿತು. ಕ್ಷೇಮೀಶ್ವರನು 'ಚಂಡಕೌಶಿಕ'ವೆಂಬ ಸಂಸ್ಕೃತ ನಾಟಕವನ್ನು ಬರೆದನು. ಕನ್ನಡದಲ್ಲಿ ಹಂಪೆಯ ಹರಿಹರನ ಸೋದರಳಿಯನಾದ ರಾಘವಾಂಕನು ವಾರ್ಧಕ ಷಟ್ಪದಿಯಲ್ಲಿ 'ಹರಿಶ್ಚಂದ್ರ ಕಾವ್ಯ'ವನ್ನು ರಚಿಸಿದನು. ಓದುವುದಕ್ಕಿಂತಲೂ ಹಾಡಿ ಕೇಳಿಸುವುದಕ್ಕೆ ಒಗ್ಗುವ ಛಂದಸ್ಸಾದುದರಿಂದ ಕಾವ್ಯವು ಪಂಡಿತರ ಮನೆಯಿಂದ ಊರ ಜಗಲಿಗೆ ಇಳಿಯುವುದು ಸುಲಭವಾಯಿತು.

ರಾಘವಾಂಕನ ಕಥಾವಿನ್ಯಾಸದಲ್ಲಿ ನಾವು ವಿಶೇಷವಾಗಿ ಲಕ್ಷಿಸಬೇಕಾದುದು ಸಾಲ. ಹರಿಶ್ಚಂದ್ರನು ರಾಜ್ಯವನ್ನು ಒಂದೇ ಮಾತಿನಲ್ಲಿ ವಿಶ್ವಾಮಿತ್ರನಿಗೆ ಒಪ್ಪಿಸಿಬಿಡುತ್ತಾನೆ. ಅಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಮುಗಿಯದಿರುವುದಕ್ಕೆ ಕಾರಣ, ಹಿಂದೆ ಕೊಡುವೆನೆಂದಿದ್ದ ಧನದ ಬಾಕಿ. ಆ ಬಾಕಿಯನ್ನು ವಸೂಲು ಮಾಡಲು ನಕ್ಷತ್ರಿಕನು ಬೆನ್ನು ಹತ್ತಿ ಬರುತ್ತಾನೆ. ಗಡುವು ಸಮೀಪಿಸುತ್ತದೆ. ಕಾಶಿಯ ಬೀದಿಯಲ್ಲಿ ಹೆಂಡತಿಯೂ ಮಗನೂ ವಿಕ್ರಯವಾಗುತ್ತಾರೆ; ಕೊನೆಗೆ ರಾಜನು ತನ್ನನ್ನೇ ವೀರಬಾಹುಕನಿಗೆ ಮಾರಿಕೊಂಡು ಸ್ಮಶಾನದ ಕಾವಲಿಗೆ ನಿಲ್ಲುತ್ತಾನೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿಯು ಅಲ್ಲಿಗೇ ಬರುತ್ತಾಳೆ. ಹೆಣವು ತನ್ನ ಮಗನದೆಂದು ತಿಳಿದು ಹರಿಶ್ಚಂದ್ರನು ಅಳುತ್ತಾನೆ. ಆದರೆ ಅತ್ತ ಕಾರಣಕ್ಕೆ ಸುಡುಗಾಡಿನ ತೆರೆಯನ್ನು ಬಿಡುವುದಿಲ್ಲ. ಒಡೆಯನ ಹಣವು ಒಡೆಯನದು. ತನ್ನ ದುಃಖವು ತನ್ನದು. ಇಡೀ ಕಥೆಯ ಶಕ್ತಿಯು ಈ ಒಂದು ಬಿಂದುವಿನಲ್ಲಿ ಕೇಂದ್ರೀಕೃತವಾಗಿದೆ. ಕಾಶಿಯಲ್ಲಿ ಹರಿಶ್ಚಂದ್ರನ ಹೆಸರಿನ ದಹನಘಟ್ಟವಿದೆ. ಬೆಂಗಳೂರಿನಲ್ಲಿಯೂ ಸ್ಮಶಾನವೊಂದನ್ನು ಹರಿಶ್ಚಂದ್ರ ಘಾಟ್ ಎಂದು ಕರೆಯುತ್ತಾರೆ. ಅಯೋಧ್ಯೆಯ ಅರಸನನ್ನು ಜನರು ಅವನ ಸಿಂಹಾಸನದಿಂದ ನೆನೆಯದೆ ಅವನ ಸುಡುಗಾಡಿನಿಂದ ನೆನೆದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಥೆಯು ನೂತನ ರಂಗಭೂಮಿಯನ್ನು ಹೊಕ್ಕಿತು. ಹರಿಶ್ಚಂದ್ರನ ಕುರಿತಾದ ತಮಿಳು ನಾಟಕವೊಂದನ್ನು ಮುತ್ತು ಕುಮಾರಸ್ವಾಮಿಯವರು 1863ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1870ರ ದಶಕದಲ್ಲಿ ಭಾರತೇಂದು ಹರಿಶ್ಚಂದ್ರರು ಹಿಂದಿಯಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ಬರೆದರು. ನಾಟಕದ ಕಂಪನಿಗಳು ಇದನ್ನು ಊರೂರಿಗೆ ಕೊಂಡೊಯ್ದವು. ಪ್ರೇಕ್ಷಕನ ಕಣ್ಣೀರಿಗೆ ದಾಖಲೆಯಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಅದಕ್ಕೆ ಒಂದು ಮಹತ್ತ್ವದ ಅಪವಾದವುಂಟು. ಮಹಾತ್ಮ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ತಂದೆಯ ಅನುಮತಿ ಪಡೆದು ಹರಿಶ್ಚಂದ್ರ ನಾಟಕವನ್ನು ನೋಡಿದುದನ್ನೂ, ಅದನ್ನು ಎಣಿಕೆಯಿಲ್ಲದಷ್ಟು ಸಲ ಮನಸ್ಸಿನಲ್ಲಿಯೇ ಆಡಿಕೊಂಡುದನ್ನೂ, ನೆನೆದು ಅತ್ತುದನ್ನೂ ಬರೆದಿದ್ದಾರೆ. ಇದು ಕೇವಲ ಬಾಲಕನ ಸಾಕ್ಷ್ಯವಲ್ಲ. 1925ರಿಂದ ಆ ಬರೆಹವು ಪತ್ರಿಕೆಯಲ್ಲಿ ಪ್ರಕಟವಾಗತೊಡಗಿದಾಗ ಅವರಿಗೆ ಐವತ್ತಾರು ವರ್ಷಗಳ ವಯಸ್ಸು. ಆ ನಾಟಕವನ್ನು ಇಂದು ಓದಿದರೂ ತಮ್ಮ ಮನಸ್ಸು ಹಿಂದಿನಂತೆಯೇ ಕರಗುವುದೆಂದು ಅವರು ಒಪ್ಪಿಕೊಂಡಿದ್ದಾರೆ. ಬೆಳೆದ ಗಂಡಸೊಬ್ಬನು ಈ ವಿಷಯದಲ್ಲಿ ಕೊಟ್ಟ ಹೇಳಿಕೆಗಳಲ್ಲಿ ಇದಕ್ಕಿಂತ ನಂಬಲರ್ಹವಾದುದು ಬೇರೊಂದಿರಲಾರದು.

ಚಲಚ್ಚಿತ್ರವು ನಮ್ಮ ದೇಶದಲ್ಲಿ ನೆಲೆಯೂರಿದುದೇ ಈ ಕಥೆಯಿಂದ. ದಾದಾಸಾಹೇಬ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ವು 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರೆದುರು ಬಂದಿತು. ರಾಣಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಪುರುಷರು ವಹಿಸಿದ್ದರು. ರಾಜಕುಮಾರನ ಪಾತ್ರದಲ್ಲಿದ್ದವನು ಫಾಲ್ಕೆಯವರ ಮಗ. ಕನ್ನಡದಲ್ಲಿ 1934ರ 'ಸತಿ ಸುಲೋಚನ'ದೊಡನೆ ವಾಕ್ಚಿತ್ರಯುಗವು ಆರಂಭವಾಯಿತು. ಅದರಲ್ಲಿ ನಟಿಸಿದ್ದ ಆರ್. ನಾಗೇಂದ್ರರಾಯರು 1943ರಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ನಿರ್ದೇಶಿಸಿದರು. ಎಂ. ವಿ. ಸುಬ್ಬಯ್ಯನಾಯ್ಡು ಅವರು ಹರಿಶ್ಚಂದ್ರರಾದರು. ಇಬ್ಬರೂ ವೃತ್ತಿರಂಗಭೂಮಿಯಿಂದ ಬಂದವರು. ಈ ಚಿತ್ರವನ್ನು ಎ. ವಿ. ಮೇಯಪ್ಪ ಚೆಟ್ಟಿಯಾರರು ತಮಿಳು ಮಾತುಗಳಿಗೆ ಹೊಂದಿಸಿ ಬಿಡುಗಡೆ ಮಾಡಿದುದು ಭಾರತದ ಡಬ್ಬಿಂಗ್ ಇತಿಹಾಸದ ಮೊದಲ ಪುಟಗಳಿಗೆ ಸೇರಿದ ಸಂಗತಿ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜಕುಮಾರ್, ಪಂಢರೀಬಾಯಿ, ಉದಯಕುಮಾರ್, ಎಂ. ಪಿ. ಶಂಕರ್ ಅವರು ಅಭಿನಯಿಸಿದ 'ಸತ್ಯ ಹರಿಶ್ಚಂದ್ರ'ವು ತೆರೆಕಂಡಿತು. ಕನ್ನಡಿಗರ ಮನಸ್ಸಿನಲ್ಲಿ ಹರಿಶ್ಚಂದ್ರನ ಮುಖವೆಂದರೆ ಇಂದಿಗೂ ಈ ಚಿತ್ರದ ಮುಖವೇ. 2008ರಲ್ಲಿ ಇದು ವರ್ಣಲೇಪಿತವಾಗಿ ಪುನಃ ಚಿತ್ರಮಂದಿರಗಳಿಗೆ ಬಂದಿತು.

ನಾಟಕಕ್ಕೂ ಚಲಚ್ಚಿತ್ರಕ್ಕೂ ಇರುವ ಎರಡು ಭೇದಗಳು ನಮ್ಮ ವಿಷಯಕ್ಕೆ ಸಂಬಂಧಪಟ್ಟಿವೆ. ಮೊದಲನೆಯದು ಆಸನದ ಕ್ರಮ. ಕಂಪನಿಯ ನಾಟಕದಲ್ಲಿ ರಂಗಕ್ಕೆ ಸಮೀಪದ ಕುರ್ಚಿಗಳು ಹಣವಂತರವು. ಬಡವನು ಹಿಂದೆ ಕುಳಿತು ನಟನ ಕಂಠವನ್ನು ಕೇಳಬಹುದಾಗಿತ್ತೇ ಹೊರತು ಅವನ ಕಣ್ಣನ್ನು ಕಾಣುವಂತಿರಲಿಲ್ಲ. ಚಿತ್ರಮಂದಿರವು ಈ ಕ್ರಮವನ್ನು ತಲೆಕೆಳಗು ಮಾಡಿತು. ಜನರು ಗಾಂಧಿ ಕ್ಲಾಸ್ ಎಂದು ಕರೆಯುತ್ತಿದ್ದ ಅತ್ಯಂತ ಅಗ್ಗದ ಸ್ಥಳವು ತೆರೆಯ ಬುಡದಲ್ಲಿಯೇ ಇದ್ದಿತು. ಹರಿಶ್ಚಂದ್ರನ ಮುಖವು ಬೃಹದಾಕಾರದಲ್ಲಿ ತೆರೆಯನ್ನು ತುಂಬಿದಾಗ ಅದಕ್ಕೆ ಅತಿ ಸಮೀಪದಲ್ಲಿದ್ದವನು ಕೂಲಿಕಾರನು. ಎರಡನೆಯದು ಕತ್ತಲೆ. ದೀಪದ ಬೆಳಕಿನಲ್ಲಿ ನೆರೆಯವನೆದುರು ಅಳಲಾರದ ಗೃಹಸ್ಥನಿಗೆ ಚಿತ್ರಮಂದಿರದ ಕತ್ತಲೆಯು ಮರೆಯಾಯಿತು. ಜನಸಂದಣಿಯ ನಡುವೆಯೇ ಏಕಾಂತವು ದೊರೆತುದು ನಮ್ಮ ಸಮಾಜದ ಪುರುಷನಿಗೆ ಹೊಸ ಅನುಭವವೆಂದು ಹೇಳಬಹುದು.

ಆದರೆ ಅವನು ಅತ್ತುದು ಯಾವುದಕ್ಕೆ? ಸತ್ಯದ ಮಹಿಮೆಗೆ ಎಂಬುದು ಸಾಂಪ್ರದಾಯಿಕ ಉತ್ತರ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಸಾಲದೆಂದು ಮಾತ್ರ ಹೇಳುತ್ತೇವೆ. ಸತ್ಯಕ್ಕಾಗಿ ರಾಜ್ಯವನ್ನು ಬಿಟ್ಟ ಅನುಭವವು ಪ್ರೇಕ್ಷಕರಲ್ಲಿ ಯಾರಿಗೂ ಇರಲಿಲ್ಲ. ಬಾಗಿಲಿಗೆ ಬರುವ ಸಾಲಗಾರನು, ಮೀರಿಹೋಗುವ ಗಡುವು, ಹೆಂಡತಿಯ ಮೈಮೇಲಿನ ಒಡವೆಯನ್ನು ಅಡವಿಡುವ ದಿನ, ಒಡೆಯನ ಲೆಕ್ಕಕ್ಕಾಗಿ ತನ್ನವರ ಮುಖವನ್ನು ನೋಡದಿರುವ ಸಂಬಳದ ಬದುಕು, ಇವು ಬಹುಮಂದಿಗೆ ಗೊತ್ತಿದ್ದವು. ಹರಿಶ್ಚಂದ್ರನಲ್ಲಿ ಅವರು ಕಂಡುದು ಮನೆಯವರನ್ನು ಕಾಪಾಡಲಾರದ ಯಜಮಾನನನ್ನು. ಪ್ರಪಂಚವು ಅಂತಹವನನ್ನು ಕೈಲಾಗದವನೆನ್ನುತ್ತದೆ. ಕಥೆಯು ಅವನನ್ನು ಸತ್ಯವಂತನೆಂದಿತು. ತನ್ನ ಸೋಲಿಗೆ ಗೌರವದ ಹೆಸರೊಂದು ದೊರೆತಾಗ ಗಂಡಸಿನ ಕಣ್ಣು ಒದ್ದೆಯಾಯಿತೆಂಬುದು ನಮ್ಮ ಊಹೆ. ಮುಂದಿನ ಸಾಮಾಜಿಕ ಚಿತ್ರಗಳು ಈ ಊಹೆಗೆ ಬೆಂಬಲವಾಗಿವೆ. 1971ರ 'ಕಸ್ತೂರಿ ನಿವಾಸ'ದಲ್ಲಿ ಕೊಟ್ಟು ಕೊಟ್ಟು ಬರಿದಾದ ಧನಿಕನು ಕೊನೆಗೆ ಬೇಡಿಬಂದವಳಿಗೆ ಪಾರಿವಾಳವೊಂದನ್ನು ಕೊಡಲಾಗದೆ ಸಾಯುತ್ತಾನೆ. 1972ರ 'ಬಂಗಾರದ ಮನುಷ್ಯ'ದಲ್ಲಿ ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದವನು ಆ ಮನೆಯವರ ಮಾತಿಗೆ ನೊಂದು ಊರು ಬಿಟ್ಟು ನಡೆಯುತ್ತಾನೆ. ಕಿರೀಟವು ಹೋಯಿತು; ಹರಿಶ್ಚಂದ್ರನು ಉಳಿದನು.

ಇಲ್ಲಿಗೆ ಮುಗಿಸಿದರೆ ನಮ್ಮ ಪರಿಶೀಲನೆಯು ಒಂದು ಪಕ್ಷದ ಕಥೆಯಾಗುತ್ತದೆ. ಮಾರಿದವನಿಗಾಗಿ ಅಷ್ಟು ಮಂದಿ ಅತ್ತರು; ಮಾರಲ್ಪಟ್ಟವಳಿಗಾಗಿ ಎಷ್ಟು ಮಂದಿ ಅತ್ತರು? ಮಾರ್ಕಂಡೇಯ ಪುರಾಣದಲ್ಲಿ ತನ್ನನ್ನು ಮಾರಿ ಋಣವನ್ನು ತೀರಿಸೆಂದು ರಾಣಿಯೇ ಮೊದಲು ಸೂಚಿಸುತ್ತಾಳೆ. ಇದು ಆಕೆಯ ಔದಾರ್ಯವೆಂದು ವ್ಯಾಖ್ಯಾನಿಸುವುದು ರೂಢಿ. ಆ ಮಾತನ್ನು ಆಕೆಯ ಬಾಯಿಂದ ಆಡಿಸಿದುದರಿಂದ ಗಂಡನ ಹೊರೆಯೂ ಕೇಳುಗನ ಹೊರೆಯೂ ಹಗುರವಾದವೆಂಬುದನ್ನು ಮರೆಯಬಾರದು. ರಾಘವಾಂಕನಲ್ಲಿ ಹರಿಶ್ಚಂದ್ರನ ಕತ್ತಿಯ ಕೆಳಗೆ ಕೊರಳೊಡ್ಡಿ ಕುಳಿತವಳೂ ಆಕೆಯೇ. ವಿಶ್ವನಾಥನು ಪ್ರತ್ಯಕ್ಷನಾಗುವುದು ಕಾವ್ಯದಲ್ಲಿ. ಋಣಕ್ಕಾಗಿ ಜೀತಕ್ಕೆ ಹೋದವರ ಮನೆಗಳಲ್ಲಿ ಅವನು ಬರಲಿಲ್ಲ. 1976ರಲ್ಲಿ ಜೀತಪದ್ಧತಿಯ ನಿರ್ಮೂಲನಕ್ಕೆ ಶಾಸನವೇ ಬೇಕಾಯಿತು. ಚಿತ್ರಮಂದಿರದಲ್ಲಿ ಕರಗಿದ ಹೃದಯವು ಮನೆಗೆ ಬರುವ ವೇಳೆಗೆ ಗಟ್ಟಿಯಾಗುತ್ತಿದ್ದಿತೋ ಎಂಬ ಸಂದೇಹವು ಇತಿಹಾಸದ ವಿದ್ಯಾರ್ಥಿಯನ್ನು ಬಿಡುವುದಿಲ್ಲ.

ಹಾಗೆಂದು ಆ ಕಣ್ಣೀರನ್ನು ನಿಷ್ಫಲವೆಂದು ತಳ್ಳಿಹಾಕಲೂ ನಮಗೆ ಮನಸ್ಸಿಲ್ಲ. ರಾಜಕೋಟೆಯಲ್ಲಿ ಒಬ್ಬ ಹುಡುಗನು ನಾಟಕವನ್ನು ನೆನೆದು ಅತ್ತುದು ಆ ನೆನಪಿನಲ್ಲಿಯೇ ಕೊನೆಗೊಳ್ಳಲಿಲ್ಲ. ಎಲ್ಲರೂ ಹರಿಶ್ಚಂದ್ರನಂತೆ ಏಕೆ ಸತ್ಯವಂತರಾಗಬಾರದೆಂಬ ಪ್ರಶ್ನೆಯಾಗಿ ಅವನನ್ನು ಜೀವಮಾನವೆಲ್ಲ ಹಿಂಬಾಲಿಸಿತು. ಒಂದೇ ಕಥೆಗೆ ಅತ್ತವರಲ್ಲಿ ಬಹುಮಂದಿ ಕಣ್ಣೊರಸಿಕೊಂಡು ಮನೆಗೆ ಹೋದರು. ಯಾರೋ ಒಬ್ಬರಲ್ಲಿ ಅದು ಪ್ರಶ್ನೆಯಾಗಿ ಉಳಿಯಿತು. ಕಣ್ಣೀರು ಎಲ್ಲಿ ಸಮಾಧಾನವಾಯಿತು, ಎಲ್ಲಿ ಪ್ರಶ್ನೆಯಾಯಿತು ಎಂಬುದನ್ನು ಬೇರ್ಪಡಿಸಿ ನೋಡುವುದು ಈ ವಿಷಯದಲ್ಲಿ ಮುಂದೆ ಶ್ರಮಿಸುವವರ ಕೆಲಸ. ನಮ್ಮ ತಂದೆ ತಾತಂದಿರು ಯಾವ ಚಿತ್ರದ ಯಾವ ಸಂದರ್ಭದಲ್ಲಿ ಅತ್ತರೆಂಬುದನ್ನು ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳುವುದರಿಂದ ಆ ಕೆಲಸವು ಆರಂಭವಾಗಬಹುದು. ಹೇಳಬಲ್ಲವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆಂಬುದನ್ನು ನೆನಪಿಗೆ ತಂದು ಈ ಲೇಖನವನ್ನು ಮುಗಿಸುತ್ತೇವೆ.