ಸಾರ್ವಜನಿಕ ಗ್ರಂಥಾಲಯ ಸಿಬ್ಬಂದಿ: ವೃತ್ತಿ ಅವಕಾಶಗಳು, ಅರ್ಹತೆ, ತರಬೇತಿ ಮತ್ತು ಮಾಹಿತಿಯ ಮೂಲಗಳು

1. ಪೀಠಿಕೆ

ಕರ್ನಾಟಕ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕಾರ್ಯನಿರ್ವಹಿಸುತ್ತಿರುವ ಸಿಬ್ಬಂದಿ ಹಾಗೂ ಈ ವೃತ್ತಿಯನ್ನು ಸೇರಬಯಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿ ಲೇಖನವನ್ನು ಸಿದ್ಧಪಡಿಸಲಾಗಿದೆ. ಓದುಗರಿಗೆ ಸಕಾಲದಲ್ಲಿ ಉದ್ಯೋಗ ಪ್ರಕಟಣೆಯನ್ನು ಒದಗಿಸುವ ಗ್ರಂಥಾಲಯ ಸಿಬ್ಬಂದಿಯೇ ತಮ್ಮ ಸ್ವಂತ ವೃತ್ತಿಗೆ ಸಂಬಂಧಿಸಿದ ಅಧಿಸೂಚನೆಯನ್ನು ಕೊನೆಯ ದಿನಾಂಕ ಕಳೆದ ಮೇಲೆ ಅರಿಯುವ ಪ್ರಸಂಗಗಳು ವಿರಳವಲ್ಲ. ಅರ್ಹತೆಯಿದ್ದೂ ಪ್ರಮಾಣಪತ್ರವಿಲ್ಲದೆ, ಅನುಭವವಿದ್ದೂ ದಾಖಲೆಯಿಲ್ಲದೆ ಅವಕಾಶ ಕೈತಪ್ಪಿದಲ್ಲಿ ಅದನ್ನು ಮತ್ತೆ ಪಡೆಯಲು ಅನೇಕ ವರ್ಷಗಳು ಬೇಕಾಗಬಹುದು. ಅಷ್ಟರಲ್ಲಿ ವಯೋಮಿತಿಯೂ ಮೀರಬಹುದು. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗಮನವಿಟ್ಟು ಓದಲು ಕೋರಲಾಗಿದೆ.

2. ಗ್ರಂಥಾಲಯ ವ್ಯವಸ್ಥೆಯ ರಚನೆ

ಆಗಿನ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ಅಂಗೀಕೃತವಾಯಿತು. ಇದಕ್ಕೂ ಮೊದಲು ಮದ್ರಾಸ್ ರಾಜ್ಯದಲ್ಲಿ 1948ರಲ್ಲಿ ಹಾಗೂ ಆಂಧ್ರಪ್ರದೇಶದಲ್ಲಿ 1960ರಲ್ಲಿ ಇಂತಹ ಕಾನೂನುಗಳು ಜಾರಿಗೆ ಬಂದಿದ್ದವು. ಅಧಿನಿಯಮದ ಅನುಷ್ಠಾನಕ್ಕಾಗಿ 1966ರ ನವೆಂಬರ್ 1ರಂದು ಪ್ರತ್ಯೇಕ ಇಲಾಖೆಯು ಅಸ್ತಿತ್ವಕ್ಕೆ ಬಂದಿತು. ಅಧಿನಿಯಮವು ರಾಜ್ಯ ಮಟ್ಟದಲ್ಲಿ ಗ್ರಂಥಾಲಯ ಪ್ರಾಧಿಕಾರವನ್ನೂ, ನಗರ ಮತ್ತು ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಗಳನ್ನೂ ರಚಿಸಲು ಅವಕಾಶ ಕಲ್ಪಿಸಿರುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನವನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ರಾಜ್ಯ ಕೇಂದ್ರ ಗ್ರಂಥಾಲಯ, ನಗರ ಕೇಂದ್ರ ಗ್ರಂಥಾಲಯಗಳು, ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಹಾಗೂ ಅವುಗಳ ಶಾಖೆಗಳು ಈ ವ್ಯವಸ್ಥೆಯ ಅಂಗಗಳಾಗಿರುತ್ತವೆ.

ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಅನಂತರದ ವರ್ಷಗಳಲ್ಲಿ ಇವುಗಳನ್ನು 'ಅರಿವು ಕೇಂದ್ರ' ಎಂಬ ಹೆಸರಿನಲ್ಲಿ ಅಭಿವೃದ್ಧಿಪಡಿಸಲಾಗಿದೆ.

ಈ ವಿಭಜನೆಯನ್ನು ಪ್ರತಿಯೊಬ್ಬ ಸಿಬ್ಬಂದಿಯೂ ಸ್ಪಷ್ಟವಾಗಿ ತಿಳಿದಿರತಕ್ಕದ್ದು. ನಗರ ಅಥವಾ ಜಿಲ್ಲಾ ಕೇಂದ್ರ ಗ್ರಂಥಾಲಯದ ಸಿಬ್ಬಂದಿಯು ಸೇವಾ ವಿಷಯಗಳಿಗಾಗಿ ಆಯಾ ಗ್ರಂಥಾಲಯದ ಉಪನಿರ್ದೇಶಕರು ಅಥವಾ ಮುಖ್ಯ ಗ್ರಂಥಾಲಯಾಧಿಕಾರಿಗಳ ಕಚೇರಿಗೂ, ಗ್ರಾಮ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕರು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ತಾಲ್ಲೂಕು ಅಥವಾ ಜಿಲ್ಲಾ ಪಂಚಾಯತಿಗೂ ಮನವಿ ಸಲ್ಲಿಸುವುದು. ಅನ್ಯ ಇಲಾಖೆಗೆ ಸಲ್ಲಿಸಿದ ಮನವಿಯು ವರ್ಗಾವಣೆಯಾಗಿ ಸೇರಬೇಕಾದ ಸ್ಥಳವನ್ನು ಸೇರುವಷ್ಟರಲ್ಲಿ ಕಾಲಾವಧಿ ಮುಗಿದಿರುವ ಸಂಭವವುಂಟು.

3. ಹಣಕಾಸಿನ ಮೂಲ: ಗ್ರಂಥಾಲಯ ಕರ

ನಗರ ಪ್ರದೇಶಗಳ ಸಾರ್ವಜನಿಕ ಗ್ರಂಥಾಲಯಗಳ ಪ್ರಮುಖ ಆದಾಯವು ಗ್ರಂಥಾಲಯ ಕರವಾಗಿರುತ್ತದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೊತ್ತದ ಮೇಲೆ ಶೇಕಡ 6ರ ದರದಲ್ಲಿ ಈ ಕರವನ್ನು ವಸೂಲು ಮಾಡುತ್ತವೆ. ಉದಾಹರಣೆಗೆ, ಒಂದು ಮನೆಯ ಆಸ್ತಿ ತೆರಿಗೆಯು ರೂ. 5,000 ಆಗಿದ್ದಲ್ಲಿ ಗ್ರಂಥಾಲಯ ಕರವು ರೂ. 300 ಆಗುತ್ತದೆ. ಇಂತಹ 1,000 ಮನೆಗಳಿರುವ ಬಡಾವಣೆಯಿಂದ ರೂ. 3 ಲಕ್ಷ ಸಂಗ್ರಹವಾಗತಕ್ಕದ್ದು. ಸದರಿ ಮೊತ್ತವು ಸ್ಥಳೀಯ ಸಂಸ್ಥೆಯ ಸ್ವಂತ ಆದಾಯವಲ್ಲ. ಗ್ರಂಥಾಲಯ ಪ್ರಾಧಿಕಾರಕ್ಕೆ ಸಂದಾಯವಾಗಬೇಕಾದ ಮೊತ್ತವಾಗಿರುತ್ತದೆ.

ಈ ವಿಷಯವು ಲೆಕ್ಕಪತ್ರ ಶಾಖೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ಕರದ ಸಂದಾಯ ವಿಳಂಬವಾದಲ್ಲಿ ಮೊದಲು ಕಡಿತಗೊಳ್ಳುವುದು ಪತ್ರಿಕೆಗಳ ಸಂಖ್ಯೆ, ಅನಂತರ ಪುಸ್ತಕ ಖರೀದಿ, ಆ ಬಳಿಕ ಶಾಖಾ ಗ್ರಂಥಾಲಯದ ನಿರ್ವಹಣೆ. ಓದುಗನು 'ಹೊಸ ಪುಸ್ತಕ ಏಕೆ ಬಂದಿಲ್ಲ' ಎಂದು ಕೇಳುವುದು ಮೇಜಿನ ಎದುರಿಗಿರುವ ಸಹಾಯಕರನ್ನೇ ಹೊರತು ಲೆಕ್ಕಾಧಿಕಾರಿಗಳನ್ನಲ್ಲ. ಆದುದರಿಂದ ಬೇಡಿಕೆ, ವಸೂಲಾತಿ, ಸಂದಾಯ ಮತ್ತು ಬಾಕಿ ಎಂಬ ನಾಲ್ಕು ಅಂಕಣಗಳ ಸರಳ ತಃಖ್ತೆಯನ್ನು ಪ್ರತಿ ತ್ರೈಮಾಸಿಕದಲ್ಲಿ ಸಿದ್ಧಪಡಿಸಿ, ಸ್ಥಳೀಯ ಸಂಸ್ಥೆಯ ಲೆಕ್ಕದೊಡನೆ ತಾಳೆ ನೋಡುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಅಪೇಕ್ಷಣೀಯ. ಲೆಕ್ಕಪತ್ರ ಬಲ್ಲ ಗ್ರಂಥಪಾಲಕರಿಗೆ ಇಲಾಖೆಯಲ್ಲಿ ಸದಾ ಬೇಡಿಕೆಯಿರುತ್ತದೆ.

4. ಶೈಕ್ಷಣಿಕ ಅರ್ಹತೆಗಳು

ಗ್ರಂಥಾಲಯ ವೃತ್ತಿಗೆ ಸಂಬಂಧಿಸಿದ ಶಿಕ್ಷಣವು ಈ ಕೆಳಕಂಡ ಹಂತಗಳಲ್ಲಿ ಲಭ್ಯವಿರುತ್ತದೆ.

(ಅ) ಸರ್ಟಿಫಿಕೇಟ್ ಕೋರ್ಸ್: ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ದ್ವಿತೀಯ ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಕನಿಷ್ಠ 6 ತಿಂಗಳ ಅವಧಿಯ ಕೋರ್ಸನ್ನು ದೂರ ಶಿಕ್ಷಣದ ಮೂಲಕ ನೀಡುತ್ತದೆ. ಪದವಿ ಪಡೆಯದ ಸಿಬ್ಬಂದಿಗೆ ಇದು ಮೊದಲ ಮೆಟ್ಟಿಲಾಗಿರುತ್ತದೆ.

(ಆ) ಡಿಪ್ಲೊಮಾ: ರಾಜ್ಯದ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಎಸ್.ಎಸ್.ಎಲ್.ಸಿ. ನಂತರ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಡಿಪ್ಲೊಮಾ ಪಡೆಯಲು ಅವಕಾಶವಿರುತ್ತದೆ. ಪ್ರವೇಶಕ್ಕೆ ಮೊದಲು ಆಯಾ ಸಾಲಿನಲ್ಲಿ ಕೋರ್ಸ್ ನಡೆಯುತ್ತಿರುವ ಬಗ್ಗೆ ತಾಂತ್ರಿಕ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳುವುದು.

(ಇ) ಪದವಿ (ಬಿ.ಎಲ್.ಐ.ಎಸ್ಸಿ.): ಯಾವುದೇ ವಿಷಯದಲ್ಲಿ ಪದವಿ ಪಡೆದವರು ಸೇರಬಹುದಾಗಿದೆ. ಕಲಾ, ವಾಣಿಜ್ಯ, ವಿಜ್ಞಾನ ಎಂಬ ಭೇದವಿರುವುದಿಲ್ಲ.

(ಈ) ಸ್ನಾತಕೋತ್ತರ ಪದವಿ (ಎಂ.ಎಲ್.ಐ.ಎಸ್ಸಿ.): ಮೈಸೂರು, ಕರ್ನಾಟಕ (ಧಾರವಾಡ), ಬೆಂಗಳೂರು, ಗುಲಬರ್ಗಾ, ಮಂಗಳೂರು ಹಾಗೂ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಅಧ್ಯಯನ ವಿಭಾಗಗಳಿರುತ್ತವೆ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು (ಡಿ.ಆರ್.ಟಿ.ಸಿ.) ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿದ್ದು, ಪ್ರವೇಶ ಪರೀಕ್ಷೆಯ ಮೂಲಕ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಆಯ್ಕೆ ಮಾಡುತ್ತದೆ.

ಸೂಚನೆ: ಸೇವೆಯಲ್ಲಿರುವ ಸರ್ಕಾರಿ ನೌಕರರು ದೂರ ಶಿಕ್ಷಣ ಅಥವಾ ಸಂಜೆ ಕೋರ್ಸಿಗೆ ಸೇರುವ ಮೊದಲು ಸಕ್ಷಮ ಪ್ರಾಧಿಕಾರದ ಲಿಖಿತ ಪೂರ್ವಾನುಮತಿ ಪಡೆಯತಕ್ಕದ್ದು. ಪಡೆದ ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಿಕೊಳ್ಳುವುದು. ನಮೂದಾಗದ ಪದವಿಯು ಮುಂಬಡ್ತಿ ಪಟ್ಟಿ ತಯಾರಾಗುವ ಸಮಯದಲ್ಲಿ ಕಚೇರಿಯ ಗಮನಕ್ಕೆ ಬರುವುದಿಲ್ಲ.

5. ನೇಮಕಾತಿ ಅವಕಾಶಗಳು

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನೇರ ನೇಮಕಾತಿ ಹುದ್ದೆಗಳಿಗೆ ವೃಂದ ಮತ್ತು ನೇಮಕಾತಿ ನಿಯಮಗಳನ್ವಯ ಕರ್ನಾಟಕ ಲೋಕಸೇವಾ ಆಯೋಗ ಅಥವಾ ಸರ್ಕಾರವು ವಹಿಸಿದ ಪ್ರಾಧಿಕಾರವು ಅಧಿಸೂಚನೆ ಹೊರಡಿಸುತ್ತದೆ. ಇದಲ್ಲದೆ ಗ್ರಂಥಾಲಯ ವಿಜ್ಞಾನದ ಪದವೀಧರರಿಗೆ ಕೇಂದ್ರೀಯ ವಿದ್ಯಾಲಯಗಳು, ನವೋದಯ ವಿದ್ಯಾಲಯಗಳು, ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಹಾಗೂ ನ್ಯಾಯಾಲಯ ಗ್ರಂಥಾಲಯಗಳಲ್ಲಿಯೂ ಹುದ್ದೆಗಳಿರುತ್ತವೆ. ಕಾಲೇಜು ಗ್ರಂಥಪಾಲಕ ಹುದ್ದೆಯನ್ನು ಬಯಸುವವರು ರಾಷ್ಟ್ರೀಯ ಅರ್ಹತಾ ಪರೀಕ್ಷೆ (ಎನ್.ಇ.ಟಿ.) ಅಥವಾ ರಾಜ್ಯ ಅರ್ಹತಾ ಪರೀಕ್ಷೆಯನ್ನು (ಕೆ-ಸೆಟ್) ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಷಯದಲ್ಲಿ ಬರೆಯಬಹುದಾಗಿದೆ.

ಮೀಸಲಾತಿಗೆ ಸಂಬಂಧಿಸಿದಂತೆ ಗಮನಿಸಬೇಕಾದ ಅಂಶಗಳು:

(1) ಸಂವಿಧಾನದ ಅನುಚ್ಛೇದ 371-ಜೆ ಅನ್ವಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಸ್ಥಳೀಯ ವೃಂದದಲ್ಲಿ ಗ್ರೂಪ್ 'ಸಿ' ಹುದ್ದೆಗಳ ಶೇಕಡ 80 ಹಾಗೂ ಗ್ರೂಪ್ 'ಡಿ' ಹುದ್ದೆಗಳ ಶೇಕಡ 85 ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಿರುತ್ತವೆ. ಇದಕ್ಕಾಗಿ ಸ್ಥಳೀಯ ವ್ಯಕ್ತಿ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆದಿರತಕ್ಕದ್ದು.

(2) ಗ್ರಾಮೀಣ ಅಭ್ಯರ್ಥಿ ಹಾಗೂ ಕನ್ನಡ ಮಾಧ್ಯಮ ಅಭ್ಯರ್ಥಿ ಮೀಸಲಾತಿಯನ್ನು ಕೋರುವವರು 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗದ ಬಗ್ಗೆ ನಿಗದಿತ ನಮೂನೆಯಲ್ಲಿಯೇ ಪ್ರಮಾಣಪತ್ರ ಪಡೆಯುವುದು.

(3) ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಿಂದ ಶೇಕಡ 1ರ ಸಮತಲ ಮೀಸಲಾತಿ ಜಾರಿಯಲ್ಲಿರುತ್ತದೆ.

ಅರ್ಜಿಗಳು ಸಾಮಾನ್ಯವಾಗಿ ತಿರಸ್ಕೃತವಾಗುವುದು ಜ್ಞಾನದ ಕೊರತೆಯಿಂದಲ್ಲ, ದಾಖಲೆಯ ಕೊರತೆಯಿಂದ. ಕೊನೆಯ ದಿನಾಂಕದ ನಂತರ ಪ್ರಕಟವಾದ ಫಲಿತಾಂಶ, ಅವಧಿ ಮುಗಿದ ಆದಾಯ ಪ್ರಮಾಣಪತ್ರ, ಅಂಕಪಟ್ಟಿಯಲ್ಲೊಂದು ಜಾತಿ ಪ್ರಮಾಣಪತ್ರದಲ್ಲೊಂದು ಬಗೆಯಾಗಿರುವ ಹೆಸರು, ನಿಗದಿತ ನಮೂನೆಯಲ್ಲಿಲ್ಲದ ಅನುಭವ ಪತ್ರ: ಇವು ಪದೇ ಪದೇ ಕಂಡುಬರುವ ದೋಷಗಳು. ಇವೆಲ್ಲವನ್ನೂ ಅಧಿಸೂಚನೆಗೆ ಮೊದಲೇ ಸರಿಪಡಿಸಿಕೊಳ್ಳಬಹುದಾಗಿದೆ. ಅಧಿಸೂಚನೆಯ ನಂತರ ಸಮಯ ಸಾಲುವುದಿಲ್ಲ.

6. ಸೇವೆಯಲ್ಲಿರುವವರ ಮುನ್ನಡೆ

ಕರ್ನಾಟಕ ಸಿವಿಲ್ ಸೇವಾ (ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ) ನಿಯಮಗಳು, 2012ರನ್ವಯ, ವಿನಾಯಿತಿ ನೀಡಲಾಗಿರುವ ಹುದ್ದೆಗಳನ್ನು ಹೊರತುಪಡಿಸಿ, ಸರ್ಕಾರಿ ನೌಕರರು ಸದರಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರಬೇಕು. ಹಾಗೆಯೇ ತಮ್ಮ ವೃಂದಕ್ಕೆ ನಿಗದಿಪಡಿಸಿರುವ ಇಲಾಖಾ ಪರೀಕ್ಷೆಗಳನ್ನು ಪರೀಕ್ಷಾರ್ಥ ಅವಧಿಯಲ್ಲಿಯೇ ಬರೆದು ಮುಗಿಸುವುದು ಸೂಕ್ತ. ಮುಂಬಡ್ತಿಯ ಸರದಿ ಬಂದಾಗ ಪರೀಕ್ಷೆ ಬಾಕಿಯಿದ್ದಲ್ಲಿ ಕಿರಿಯರು ಮುಂದೆ ಹೋಗುವುದನ್ನು ತಡೆಯಲು ಕಚೇರಿಗೆ ಅಧಿಕಾರವಿರುವುದಿಲ್ಲ.

ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಸೇವಾ ಪುಸ್ತಕವನ್ನು ಪರಿಶೀಲಿಸಿ ಜನ್ಮದಿನಾಂಕ, ಅರ್ಹತೆ, ಉತ್ತೀರ್ಣವಾದ ಪರೀಕ್ಷೆ, ಹಾಜರಾದ ತರಬೇತಿ ಮತ್ತು ನಾಮನಿರ್ದೇಶನದ ವಿವರಗಳು ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.

7. ಇಂದು ಅಗತ್ಯವಿರುವ ಕೌಶಲಗಳು

(ಅ) ಗ್ರಂಥಾಲಯ ತಂತ್ರಾಂಶ: ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಗ್ರಂಥಾಲಯ, ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್ ಹಾಗೂ ಮುಕ್ತ ತಂತ್ರಾಂಶವಾದ ಕೋಹಾ ಇವುಗಳಲ್ಲಿ ಒಂದನ್ನಾದರೂ ಬಳಸಲು ತಿಳಿದಿರುವುದು.

(ಆ) ಕನ್ನಡ ಯುನಿಕೋಡ್: ಹಳೆಯ ಅಕ್ಷರಶೈಲಿಗಳಲ್ಲಿ ದಾಖಲಿಸಿದ ಸೂಚಿಯು ಬೇರೆ ಗಣಕಯಂತ್ರದಲ್ಲಿ ಓದಲು ಬರುವುದಿಲ್ಲ, ಹುಡುಕಾಟಕ್ಕೂ ಸಿಗುವುದಿಲ್ಲ. ಇಂತಹ ಸೂಚಿಯನ್ನು ಯುನಿಕೋಡ್‌ಗೆ ಪರಿವರ್ತಿಸಿದ ನಂತರ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಡ್ಡಾಯವಾಗಿ ಕಣ್ಣಿನಿಂದ ಪರಿಶೀಲಿಸತಕ್ಕದ್ದು. ಒಂದು ಅಕ್ಷರ ತಪ್ಪಾದಲ್ಲಿ ಕಪಾಟಿನಲ್ಲಿರುವ ಪುಸ್ತಕವೂ ಓದುಗನ ಪಾಲಿಗೆ ಇಲ್ಲದಂತೆಯೇ ಸರಿ.

(ಇ) ಡಿಜಿಟಲ್ ಸೇವೆ: ರಾಜ್ಯದಲ್ಲಿ 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಸೇವೆಯನ್ನು ಆರಂಭಿಸಲಾಯಿತು. ಓದುಗರಿಗೆ ನೋಂದಣಿ ಮಾಡಿಸುವುದು ಹಾಗೂ ಬಳಕೆಯನ್ನು ಕಲಿಸುವುದು ಈಗ ಸಿಬ್ಬಂದಿಯ ಕೆಲಸದ ಭಾಗವಾಗಿದೆ.

(ಈ) ದೃಷ್ಟಿದೋಷವುಳ್ಳ ಓದುಗರ ಸೇವೆ: 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಅಧಿನಿಯಮವು ಅಂಗವಿಕಲರಿಗಾಗಿ ಕೃತಿಗಳನ್ನು ಅನುಕೂಲಕರ ನಮೂನೆಗೆ ಪರಿವರ್ತಿಸಲು ಅವಕಾಶ ನೀಡಿರುತ್ತದೆ. ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಸ್ಥಿರೀಕರಿಸಿದ ಮೊದಲ ದೇಶ ಭಾರತವೇ ಆಗಿರುತ್ತದೆ. 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ'ವನ್ನು ಓದುಗರಿಗೆ ಪರಿಚಯಿಸಬಹುದಾಗಿದೆ.

8. ಗ್ರಾಮ ಪಂಚಾಯತಿ ಗ್ರಂಥಾಲಯ ಮೇಲ್ವಿಚಾರಕರು

ಗೌರವಧನದ ಆಧಾರದ ಮೇಲೆ ನೇಮಕಗೊಂಡು ದೀರ್ಘಕಾಲದಿಂದ ಸೇವೆ ಸಲ್ಲಿಸುತ್ತಿರುವ ಮೇಲ್ವಿಚಾರಕರು ಈ ವ್ಯವಸ್ಥೆಯ ಬುನಾದಿಯಾಗಿರುತ್ತಾರೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮಕ್ಕಳನ್ನು ಗ್ರಂಥಾಲಯದ ಸದಸ್ಯರನ್ನಾಗಿಸಿ ಓದಿಗೆ ಹಚ್ಚಿದವರು ಇವರೇ. ಇವರು ತಮ್ಮ ನೇಮಕಾತಿ ಆದೇಶ, ಹಾಜರಾತಿ ದೃಢೀಕರಣ, ಗೌರವಧನ ಪಾವತಿಯ ಬ್ಯಾಂಕ್ ವಿವರ ಹಾಗೂ ಪ್ರಭಾರ ಪಟ್ಟಿಯ ಪ್ರತಿಗಳನ್ನು ವರ್ಷವಾರು ಕಡತ ಮಾಡಿ ಸ್ವಂತ ಸುಪರ್ದಿನಲ್ಲಿ ಇರಿಸಿಕೊಳ್ಳಬೇಕು. ಕೆಲಸದ ಅವಧಿ, ಗೌರವಧನ ಅಥವಾ ಅನುಭವದ ಪರಿಗಣನೆಯ ಪ್ರಶ್ನೆ ಉದ್ಭವಿಸಿದಾಗ ಈ ಕಡತವೇ ಅವರ ಪರವಾಗಿ ಮಾತನಾಡುತ್ತದೆ. ಅರ್ಹತೆ ಇಲ್ಲದವರು ಮೇಲೆ ತಿಳಿಸಿದ ಸರ್ಟಿಫಿಕೇಟ್ ಕೋರ್ಸನ್ನು ಪೂರ್ಣಗೊಳಿಸಲು ಸಲಹೆ ನೀಡಲಾಗಿದೆ.

9. ವೃತ್ತಿ ಸುದ್ದಿ ಮತ್ತು ನೆರವಿನ ಮೂಲಗಳು

(ಅ) ಕರ್ನಾಟಕ ರಾಜ್ಯಪತ್ರ, ಲೋಕಸೇವಾ ಆಯೋಗದ ಪ್ರಕಟಣೆಗಳು ಹಾಗೂ ಕೇಂದ್ರ ಸರ್ಕಾರದ 'ಎಂಪ್ಲಾಯ್‌ಮೆಂಟ್ ನ್ಯೂಸ್' ವಾರಪತ್ರಿಕೆ.

(ಆ) 1972ರಲ್ಲಿ ಸ್ಥಾಪಿತವಾದ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. ಇದು ಪುಸ್ತಕ, ಕಟ್ಟಡ ಹಾಗೂ ಉಪಕರಣಗಳಿಗೆ ನೆರವು ನೀಡುವುದರೊಂದಿಗೆ ವಿಚಾರ ಸಂಕಿರಣ ಮತ್ತು ತರಬೇತಿಗಳಿಗೂ ಸಹಾಯ ಒದಗಿಸುತ್ತದೆ.

(ಇ) 1933ರಲ್ಲಿ ಆರಂಭವಾದ ಭಾರತೀಯ ಗ್ರಂಥಾಲಯ ಸಂಘ ಹಾಗೂ ರಾಜ್ಯ ಮಟ್ಟದ ವೃತ್ತಿ ಸಂಘಗಳ ಸಮ್ಮೇಳನಗಳು.

(ಈ) ಇಫ್ಲಾ ಮತ್ತು ಯುನೆಸ್ಕೊ ಸಂಸ್ಥೆಗಳ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ. 1994ರ ಆವೃತ್ತಿಯು 2022ರಲ್ಲಿ ಪರಿಷ್ಕೃತಗೊಂಡಿದ್ದು, ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರು ಪರಿಷ್ಕೃತ ಪಠ್ಯವನ್ನೇ ಓದುವುದು.

ಆಗಸ್ಟ್ 12ರ ಗ್ರಂಥಪಾಲಕರ ದಿನಾಚರಣೆ ಮತ್ತು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದ ಕಾರ್ಯಕ್ರಮಗಳಲ್ಲಿ ಮಾಲಾರ್ಪಣೆ, ಭಾಷಣಗಳೊಂದಿಗೆ ಸಿಬ್ಬಂದಿಗೆ ಉಪಯುಕ್ತವಾದ ಒಂದು ತರಬೇತಿ ಅವಧಿಯನ್ನೂ ಏರ್ಪಡಿಸುವುದು ಅಪೇಕ್ಷಣೀಯ.

10. ಎಚ್ಚರಿಕೆ

ಗ್ರಂಥಾಲಯಗಳಲ್ಲಿ ಕೆಲಸ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ನಿಗದಿತ ಅರ್ಜಿ ಶುಲ್ಕವನ್ನು ಹೊರತುಪಡಿಸಿ ಯಾವುದೇ ನೇಮಕಾತಿಗೆ ಹಣ ನೀಡಬೇಕಾಗಿರುವುದಿಲ್ಲ. ಮೊಬೈಲ್‌ನಲ್ಲಿ ಹರಿದಾಡುವ ಪ್ರಕಟಣೆಯಲ್ಲಿ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಇಲ್ಲದಿದ್ದಲ್ಲಿ ಅದನ್ನು ಸೂಚನಾ ಫಲಕಕ್ಕೆ ಅಂಟಿಸಬಾರದು. ಗ್ರಂಥಾಲಯದ ಫಲಕದಲ್ಲಿರುವುದನ್ನು ಓದುಗರು ಸತ್ಯವೆಂದೇ ಸ್ವೀಕರಿಸುತ್ತಾರೆ.

11. ಮುಕ್ತಾಯ

ಪ್ರತಿಯೊಬ್ಬ ಓದುಗನಿಗೆ ಅವನ ಪುಸ್ತಕ ಎಂಬ ತತ್ವವನ್ನು ರಂಗನಾಥನ್ ಅವರು 1931ರಲ್ಲಿಯೇ ತಮ್ಮ ಪಂಚಸೂತ್ರಗಳಲ್ಲಿ ಸೇರಿಸಿದ್ದರು. ಅದನ್ನು ಪಾಲಿಸುವ ಸಿಬ್ಬಂದಿಗೆ ತಮ್ಮ ಹಕ್ಕಿನ ಮಾಹಿತಿಯೂ ಸಕಾಲದಲ್ಲಿ ದೊರೆಯತಕ್ಕದ್ದು. ಈ ಲೇಖನವು ಸಾಮಾನ್ಯ ಮಾಹಿತಿಗಾಗಿ ಮಾತ್ರ ಇದ್ದು, ಅರ್ಹತೆ, ವಯೋಮಿತಿ ಹಾಗೂ ಮೀಸಲಾತಿಗೆ ಸಂಬಂಧಿಸಿದಂತೆ ಆಯಾ ಅಧಿಸೂಚನೆ ಮತ್ತು ನಿಯಮಗಳೇ ಅಂತಿಮವಾಗಿರುತ್ತವೆ. ಹೆಚ್ಚಿನ ವಿವರಗಳಿಗಾಗಿ ಸಂಬಂಧಪಟ್ಟ ನಗರ ಅಥವಾ ಜಿಲ್ಲಾ ಕೇಂದ್ರ ಗ್ರಂಥಾಲಯವನ್ನು ಅಥವಾ ಜಿಲ್ಲಾ ಪಂಚಾಯತಿ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.